ಕಂಡದ್ದು, ಕೇಳಿದ್ದು

ಗಾಂಧಿ ಪಾರ್ಕಿನ ಹಿಂದಿನ ಗೇಟು ತೆರೆಯುವುದು ಆರಕ್ಕೆ.
ಐದೂ ಮುಕ್ಕಾಲಿಗೇ ಅಲ್ಲಿ ನಿಂತಿರುತ್ತೇನೆ,
ತುಂಗೆಯ ಕಡೆಯಿಂದ ಬಂದ ಮಂಜು ಮೀಸೆಗೆ ಹತ್ತಿರುತ್ತದೆ,
ಕೊರಳಲ್ಲಿ ದುರ್ಬೀನು, ಜೇಬಲ್ಲಿ ಗಿರಣಿಯ ಹಳೇ ಚೀಟಿ ಪುಸ್ತಕ.
ರಾಗಿ, ಗೋಧಿ, ಮೆಣಸಿನಪುಡಿ ಎಂದು ಅಚ್ಚಾದ ಕಡೆ
ಪಿಕಳಾರ, ಗೊರವಂಕ, ಕಾಗೆ ಎಂದು ಬರೆದುಕೊಳ್ಳುತ್ತೇನೆ.

ಮೂವತ್ತೊಂದು ವರ್ಷ ದುರ್ಗಿಗುಡಿಯಲ್ಲಿ ಹಿಟ್ಟು ಬೀಸಿದವನು.
ಬೆಲ್ಟು ಓಡುವಾಗ ಗಿರಾಕಿಗಳ ಬಾಯಿ ಮಾತ್ರ ಕಾಣುತ್ತಿತ್ತು:
ನುಣ್ಣಗೆ. ತರಿ. ಬೇಗ. ಉದ್ರಿ.
ತುಟಿ ನೋಡಿಯೇ ಗೊತ್ತಾಗುತ್ತಿತ್ತು ಯಾರಿಗೆ ಏನು ಬೇಕೆಂದು.
ಜೋಳದ ಜೊತೆ ಕಿವಿಯೂ ಬೀಸಿಹೋದದ್ದು
ಆಗ ಗೊತ್ತಾಗಲಿಲ್ಲ.

ಒಂದೊಂದೇ ಹೋದವು, ಸಣ್ಣ ದನಿಯವು ಮೊದಲು.
ಬದನಿಕೆ ಹಕ್ಕಿ ಯಾವ ವರ್ಷ ಹೋಯಿತೋ.
ಸೂರಕ್ಕಿ ಹೋದದ್ದು ನೆನಪಿದೆ. ಒಂದು ಶ್ರಾವಣ,
ದಾಸವಾಳದ ಕಡ್ಡಿಯ ಮೇಲೆ ಕೂತು ಕೊಕ್ಕು ತೆರೆದಿತ್ತು,
ಗಂಟಲು ನಡುಗುತ್ತಿತ್ತು,
ಪಕ್ಕದ ಮನೆಯವರು ಟೀವಿಯ ದನಿ ತಗ್ಗಿಸಿದ ಹಾಗೆ ಏನೂ ಇಲ್ಲ.
ಕೆಂಬೂತ ಇದ್ದಾನೆ ಇನ್ನೂ, ಬಾವಿಯೊಳಗಿಂದ ಗೂಂ ಗೂಂ.
ಕುಟ್ರು ಇದ್ದಾನೆ. ಕಾಗೆಗಳಿಗಂತೂ ಸಾವಿಲ್ಲ.

ಭಾನುವಾರ ಎಂಟು ಜನ ಸೇರುತ್ತೇವೆ.
ಯಜಮಾನಿಕೆ ಫಿಲೋಮಿನಾ ಸಿಸ್ಟರ್‌ದು,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ನೇರ ಬರುವಾಕೆ.
ಅವರ ಹಾಳೆಯಲ್ಲಿ ಎರಡೇ ಕಾಲಮ್ಮು: ಕಂಡದ್ದು, ಕೇಳಿದ್ದು.
ನನ್ನ ಎರಡನೆಯದು ಬರಬರುತ್ತಾ ಖಾಲಿ,
ರೇಷನ್ ಕಾರ್ಡಿನ ಸೀಮೆಎಣ್ಣೆ ಕಾಲಮ್ಮಿನ ಹಾಗೆ.

ದೀಪಾವಳಿ ಕಳೆದ ಮೇಲೆ ಮಗಳು ಕಿವಿಗೆ ಮಿಷನ್ನು ಕೊಡಿಸಿದಳು.
ಹಾಕಿಕೊಂಡು ಬಂದ ದಿನ ಊರೆಲ್ಲ ಒಳಗೆ ನುಗ್ಗಿತು:
ಸಾಗರದ ಬಸ್ಸು, ಚಪ್ಪಲಿಯಡಿಯ ಜಲ್ಲಿ,
ನನ್ನ ಉಗುಳು ನಾನೇ ನುಂಗುವ ಸದ್ದು.
ಆಮೇಲೆ, ಎಲ್ಲದರ ಮೇಲೆ, ನೂಲಿನಷ್ಟು ತೆಳ್ಳಗೆ
ಸ್ವೀ...
ಕಣ್ಣು ತುಂಬಿ ಬಂತು. ಎಲ್ಲಿದೆಯೆಂದು ಹುಡುಕಲೂ ಇಲ್ಲ.
ಬರೆದೆ: ಸೂರಕ್ಕಿ, ಕೇಳಿದ್ದು, ಒಂದು.
ಎರಡು ವಾರ ಬರೆದೆ. ಒಂದು ದಿನವಂತೂ ಏಳು ಬರೆದೆ.

ಮೂರನೆಯ ಭಾನುವಾರ ಸಿಸ್ಟರ್ ಹತ್ತಿರ ಬಂದು
ಸೂಜಿ ಚುಚ್ಚುವ ಮೊದಲಿನ ದನಿಯಲ್ಲಿ ಅಂದರು:
“ಹೂವಪ್ಪನವರೇ, ಅದು ಹಕ್ಕಿಯಲ್ಲ. ಮಿಷನ್ನು ಸಡಿಲ ಕೂತಿದೆ,
ಅದೇ ಶಿಳ್ಳೆ ಹಾಕ್ತಿದೆ. ನಮಗೂ ಕೇಳ್ತದೆ.”

ನಮಗೂ ಕೇಳ್ತದೆ.
ಏಳು ಜನ ಎರಡು ವಾರ ಸುಮ್ಮನೆ
ಕೇಳಿಸಿಕೊಂಡಿದ್ದ ಹಕ್ಕಿ ನಾನೇ.

ಹದಿನಾರು ಸೂರಕ್ಕಿಗಳ ಮೇಲೆ ಗೆರೆ ಎಳೆದೆ.
ಮಿಷನ್ನು ಬಿಚ್ಚಿ ದುರ್ಬೀನಿನ ಚೀಲಕ್ಕೆ ಹಾಕಿದೆ.
ಅವರೆಲ್ಲ ಕೊಳದ ಕಡೆ ನಡೆದರು;
ಮಿಂಚುಳ್ಳಿ, ಎಂದಿತು ಯಾರದೋ ತುಟಿ.

ಅರ್ಧ ಒಣಗಿದ ಗುಲ್‌ಮೊಹರಿಗೆ ಅಂಗೈ ಊರಿ ನಿಂತೆ.
ಅಂಗೈಯಲ್ಲಿ ಏನೋ ಬಡಿಯಿತು.
ನಾಡಿ ಇರಬೇಕು, ಈ ವಯಸ್ಸಿಗೆ ಸಿಟ್ಟಿಗೂ ಬಡಿಯುತ್ತದೆ.
ನಿಂತಿತು.
ನಾಡಿ ಹಾಗೆಲ್ಲ ನಿಲ್ಲುವುದಿಲ್ಲವಲ್ಲ.
ಮತ್ತೆ ಶುರುವಾಯಿತು, ಮೊಣಕೈವರೆಗೆ, ಹಲ್ಲಿನವರೆಗೆ.
ಕಲ್ಲು ಸವೆದಾಗ ಗಿರಣಿಯ ಚೌಕಟ್ಟು ಹೀಗೇ ಹೇಳುತ್ತಿತ್ತು,
ಕಿವಿಗಲ್ಲ, ಕೈಗೆ.
ಹಿಟ್ಟು ನುಣ್ಣಗಾಯಿತೇ ಎಂದು
ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದವನು,
ಯಾವತ್ತು ಕೇಳಿ ನೋಡಿದ್ದೆ?

ತಲೆ ಎತ್ತಲಿಲ್ಲ. ಎತ್ತಿದರೆ ‘ಕಂಡದ್ದು’ ಆಗಿಬಿಡುತ್ತದೆ.
ಮೆಣಸಿನಪುಡಿಯ ಪಕ್ಕ ಇನ್ನೊಂದು ಗೆರೆ ಎಳೆದು ಬರೆದೆ:
ಮರಕುಟಿಗ. ಒಂದು. ಮುಟ್ಟಿದ್ದು.

ಒಂಬತ್ತಕ್ಕೆ ಕಾವಲಿನ ಜಬೀವುಲ್ಲಾ ಸೀಟಿ ಊದುತ್ತಾನಂತೆ.
ದುರ್ಬೀನಿನಲ್ಲಿ ಚೆನ್ನಾಗಿ ಕಂಡಿತು:
ಉಬ್ಬಿದ ಕೆನ್ನೆ, ಕೆಂಪಗಾದ ಕತ್ತು,
ಹೊರಗೆ ಹೊರಗೆ ಎಂದು ಬಡಿಯುತ್ತಿದ್ದ ಎರಡು ಕೈ.
ನೋಡುತ್ತಾ ನಿಂತೆ.
ಪಟ್ಟಿಗೆ ಮಾತ್ರ ಸೇರಿಸಲಿಲ್ಲ.